ಗಂಗವ್ವನ ಗೋಡೆಯ ಮೇಲೆ ಸರ್ಕಾರ ಬೈದ ಮಾತು

"ಯಾರ ಪೈಕಿ ಬೇ ನೀ?"

ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಇಳಿಸಿಕೊಳ್ಳುತ್ತಿದ್ದಾಗ, ಗುರುತು ಪರಿಚಯವಿಲ್ಲದ ಮುದುಕಿಯೊಬ್ಬಳು ಮುಖಕ್ಕೆ ಮುಖ ತಂದು ನನ್ನನ್ನು ಗದರಿದ ಪರಿ ಇದು. ಎಂಬತ್ತಾರರ ಜೂನ್ ತಿಂಗಳು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಎಂದೇ ಅಂದುಕೊಂಡೆ. ನಮ್ಮ ಮೈಸೂರಿನಲ್ಲಿ ಅಷ್ಟು ಜೋರಾಗಿ ಮಾತಾಡಿದರೆ ಅಕ್ಕಪಕ್ಕದವರು ಕಿಟಕಿ ತೆರೆದು ನೋಡುತ್ತಾರೆ. ಆಕೆ ಕೇಳಿದ್ದು, ನಾನು ಯಾರ ಮನೆಯ ಕಡೆಯವಳು ಎಂದಷ್ಟೇ. ಯಾರ ಕಡೆಯವಳೂ ಅಲ್ಲ, ಗ್ರಾಮಸೇವಿಕೆಯಾಗಿ ಕೆಲಸಕ್ಕೆ ಬಂದಿದ್ದೇನೆ ಎಂದೆ. "ಅಯ್ಯ, ನನ್ನ ಕೂಸ!" ಎಂದು ಮರುಗಿ, ಟ್ರಂಕಿನ ಒಂದು ಹಿಡಿಯನ್ನು ತಾನೇ ಹಿಡಿದಳು.

ಒಂಟಿ ಹೆಂಗಸಿಗೆ ಬಾಡಿಗೆ ಮನೆ ಹುಡುಕುವ ಕಷ್ಟ ನಿಮಗೂ ಗೊತ್ತು, ಅದರಲ್ಲಿ ಅಲ್ಲಿಗೂ ಇಲ್ಲಿಗೂ ಭೇದವಿಲ್ಲ. ಕೊನೆಗೆ ಅದೇ ತಾಲೂಕಿನ ತಿರ್ಲಾಪುರದಲ್ಲಿ ಗಂಗವ್ವ ಎಂಬಾಕೆ ತನ್ನ ಮನೆಯ ಮುಂದಿನ ಕೋಣೆ ಕೊಟ್ಟಳು. ಗಂಡ ತೀರಿಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ನೀಲವ್ವ. ಏಳನೆಯ ಇಯತ್ತೆಯವರೆಗೆ ಓದಿದ್ದಳು. ಇಲ್ಲಿ ತರಗತಿಗೆ ಇಯತ್ತೆ ಎನ್ನುತ್ತಾರೆ, ಕಲಿತ ಹೆಂಗಸಿಗೆ ಬಾಯಾರು ಎನ್ನುತ್ತಾರೆ. ಹಾಗಾಗಿ ನಾನು ಬಾಯಾರು. ಮೊದಲ ತಿಂಗಳು ರೊಟ್ಟಿ ಗಂಟಲಲ್ಲಿ ಇಳಿಯದೆ ಅನ್ನಕ್ಕೆ ಹಂಬಲಿಸುತ್ತಿದ್ದರೆ ನೀಲವ್ವ ಹೊಟ್ಟೆ ಹಿಡಿದು ನಗುತ್ತಿದ್ದಳು: "ಏನ್ರಿ ಬಾಯಾರ, ಸಣ್ಣ ಹುಡುಗ್ರಗತೆ ಅನ್ನ ಅನ್ನ ಅಂತ ಅಳತೀರಿ!" ದೀಪಾವಳಿಯ ಹೊತ್ತಿಗೆ ನಾನೇ ರೊಟ್ಟಿ ಬಡಿಯತೊಡಗಿದೆ. ಹರಿಯದೆ ಹಂಚಿಗೆ ಬಿದ್ದ ಮೊದಲ ರೊಟ್ಟಿಯನ್ನು ನೋಡಿ, ನನಗೆ ಬಿ.ಎ. ಪಾಸಾದ ದಿನಕ್ಕಿಂತ ಹೆಚ್ಚು ಖುಷಿಯಾಯಿತು.

ನನ್ನ ಕೆಲಸಗಳಲ್ಲಿ ಒಂದು, ಬೆಂಗಳೂರಿನಿಂದ ಸುರುಳಿ ಸುರುಳಿಯಾಗಿ ಬರುತ್ತಿದ್ದ ಪೋಸ್ಟರುಗಳನ್ನು ಊರೂರಿನ ಗೋಡೆಗೆ ಅಂಟಿಸುವುದು. ಟಿಕೆಟಿಲ್ಲದೆ ಪ್ರಯಾಣ ಮಾಡುವವನು ದೇಶದ ಶತ್ರು. ಕರೆಂಟು ತಂತಿಗೆ ಕೊಕ್ಕೆ ಹಾಕುವವನು ಕಳ್ಳ, ಕೈಗೆ ಬೇಡಿ ಹಾಕಿದ ಚಿತ್ರ. ಚಿಕ್ಕ ವಯಸ್ಸಿನ ಮದುವೆ ಶಿಕ್ಷಾರ್ಹ ಅಪರಾಧ. ಆ ಕನ್ನಡ ನಮ್ಮ ಮೈಸೂರಿನದೂ ಅಲ್ಲ, ಇವರ ಧಾರವಾಡದ್ದೂ ಅಲ್ಲ. ಯಾವುದೋ ಮೇಜಿನ ಹಿಂದೆ ಕೂತು, ಯಾರ ಮುಖವನ್ನೂ ನೋಡದೆ ಬರೆದದ್ದು. ಇಲ್ಲಿಯವರು ಒರಟಾಗಿ ಬೈಯುತ್ತಾರೆ ನಿಜ, ಆದರೆ ಬೈದವನೇ ಮರುಕ್ಷಣ ಚಹಾ ಕುಡಿಸುತ್ತಾನೆ. ಪೋಸ್ಟರು ಬೈದು ಸುಮ್ಮನಾಗುತ್ತದೆ.

ಮೈಸೂರಿನಲ್ಲಿ ಇಂಥ ಪೋಸ್ಟರು ನಡೆಯುತ್ತದೆ, ಯಾರಿಗೂ ತಾಕುವುದಿಲ್ಲ. ಅಲ್ಲಿ ಗೋಡೆಯ ಮೇಲಿನ ಬರಹ ಯಾರ ಮಾತೂ ಅಲ್ಲ. ಉಗುಳಬಾರದು ಎಂದಲ್ಲೇ ಉಗುಳುತ್ತಾರೆ, ಮುಂದೆ ಹೋಗುತ್ತಾರೆ. ಇಲ್ಲಿ ಪ್ರತಿಯೊಬ್ಬರೂ ನಿಂತು ಓದಿಸಿಕೊಳ್ಳುತ್ತಾರೆ. ಬಸ್ಸಿನ ಪೋಸ್ಟರ್ ಮುಂದೆ ಒಬ್ಬ ಅಜ್ಜ ನನ್ನನ್ನು ತಡೆದು, "ನಾ ಎಂದೂ ತಿಕೀಟ ತಪ್ಪಿಸಿಲ್ರಿ ಬಾಯಾರ, ನನಗ್ಯಾಕ ಹಿಂಗ ಅಂತಾರ?" ಎಂದು ನಿಜವಾಗಿಯೂ ನೊಂದು ಕೇಳಿದ. ನಾನು ನಕ್ಕೆ. ಅವನ ಮಾತನ್ನು ಅಂದೇ ತಲೆಗೆ ಹಾಕಿಕೊಳ್ಳಬೇಕಿತ್ತು!

ಬೇಸಿಗೆಗೆ ನೀಲವ್ವನಿಗೆ ಅಣ್ಣಿಗೇರಿಯಿಂದ ಗಂಡು ಬಂತು. ಸೊಸೈಟಿಯಲ್ಲಿ ಗುಮಾಸ್ತ, ಕುಡಿಯುವವನಲ್ಲ. ಕೇಳಿದ್ದು ಒಂದು ಸೈಕಲ್ಲು, ಒಂದು ಕೈಗಡಿಯಾರ. ನೀಲವ್ವ ಅವನನ್ನು ಸೋದರತ್ತೆಯ ಮನೆಯಲ್ಲಿ ಒಮ್ಮೆ ನೋಡಿದ್ದಳು. ಆ ಸುದ್ದಿ ಎತ್ತಿದರೆ ಸಾಕು, ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಮಾತು ಮುಗಿಸಲು ಸೋಮವಾರ ಬೀಗರು ಬರುವವರಿದ್ದರು. ಗಂಗವ್ವ ಬೀದಿಯ ಕಡೆಯ ಗೋಡೆಗೆ ಸುಣ್ಣ ಬಳಿದಳು. ಮಾತು ಕೂಡಿದ ಮೇಲೆ ಗಂಡು ಹೆಣ್ಣಿನ ಹೆಸರು ಬರೆಸಲು ಇಲ್ಲಿ ಹಾಗೆ ಗೋಡೆ ಬಿಳಿ ಮಾಡಿ ಬಿಡುತ್ತಾರೆ. ಆ ಬಿಳಿ ನೋಡಿದ ಓಣಿಯವರಿಗೆಲ್ಲ ಇದು ಗೊತ್ತು.

ನನಗೆ ಕಂಡದ್ದು ಖಾಲಿ ಗೋಡೆ. ಅದೇ ವಾರ ಹೊಸ ಸುರುಳಿ ಬಂದಿತ್ತು: "ವರದಕ್ಷಿಣೆ ಕೇಳುವವನು ಭಿಕ್ಷುಕ! ಕೊಡುವವನು ಮಗಳನ್ನು ಮಾರುವವನು!" ತಾಯಿ ಮಗಳು ಹೊಲಕ್ಕೆ ಹೋಗಿದ್ದಾಗ ಬಾಗಿಲ ಪಕ್ಕದಲ್ಲೇ ಒಂದನ್ನು ಅಂಟಿಸಿದೆ. ಸುಳ್ಳು ಹೇಳುವುದಿಲ್ಲ, ಬೀಗರು ಓದಲಿ ಎಂದೇ ಅಂಟಿಸಿದೆ. ಸೈಕಲ್ಲೂ ಬೇಡ ಎಂದು ನಾಚಿ ಬಿಟ್ಟಾರು, ಗಂಗವ್ವನಿಗೆ ಉಪಕಾರವಾದೀತು ಎಂಬ ನನ್ನ ಜಾಣತನ.

ಸಂಜೆ ನೀಲವ್ವ ಅದನ್ನು ತಾಯಿಗೆ ಓದಿ ಹೇಳಿದಳು. ಗಂಗವ್ವ ತಲೆಯ ಮೇಲಿನ ಬುಟ್ಟಿ ಇಳಿಸಲಿಲ್ಲ.

"ಬಾಯಾರ, ಇದನ್ನ ತಗೀರಿ. ಗ್ವಾಡಿ ಮ್ಯಾಲಿಂದು ಮನಿಯವರ ಮಾತ ಆಕ್ಕೈತ್ರಿ."

"ಇದು ಸರ್ಕಾರದ ಮಾತು ಗಂಗವ್ವ, ನಿಮ್ಮದಲ್ಲ."

"ಬೀಗರು ಬರೋರದಾರ್ರಿ. ನಿಮ್ಮ ಕಾಲ ಬೀಳತೇನಿ, ತಗೀರಿ."

ಆಗ ನಾನು ಏನೆಂದೆ ಗೊತ್ತೇ? "ಸರ್ಕಾರದ ಪೋಸ್ಟರ್ ಕಿತ್ತರೆ ಅದೇ ಒಂದು ಅಪರಾಧ. ಕೇಸಾಗತ್ತೆ." ಹಾಗೊಂದು ಕಾನೂನು ಇದೆಯೋ ಇಲ್ಲವೋ ನನಗೇ ತಿಳಿಯದು. ಅಂಟಿಸಿ ಅಂಟಿಸಿ ಆ ದನಿ ನನ್ನ ಬಾಯಿಗೇ ಬಂದುಬಿಟ್ಟಿತ್ತು. ಗಂಗವ್ವ ಹೆದರಿದಳು. ಮತ್ತೆ ಕೇಳಲಿಲ್ಲ.

ಸೋಮವಾರ ಬೀಗರು ಬಂದರು. ಹುಡುಗನ ಕಾಕಾ, ಅಂದರೆ ಚಿಕ್ಕಪ್ಪ, ಅವರಲ್ಲಿ ಹಿರಿಯ, ಬಾಗಿಲಲ್ಲಿ ಚಪ್ಪಲಿ ಕಳಚಿದವನು ಗೋಡೆ ನೋಡಿ ಮತ್ತೆ ಮೆಟ್ಟಿಕೊಂಡ.

"ನಾವು ಕೇಳಿದ್ದು ಒಂದು ಸೈಕಲ್ಲವ್ವಾ. ಅದಕ್ಕ ಭಿಕ್ಷುಕರು ಅಂತ ಹಚ್ಚೀರಿ?"

"ನಾ ಹಚ್ಚಿಲ್ಲೋ ಯಣ್ಣಾ, ಬಾಯಾರು ಹಚ್ಯಾರ."

"ಗ್ವಾಡಿ ಯಾರದು?"

"ನಮ್ಮದು."

"ಮತ್ತ?"

ನಾನು ಅಡ್ಡ ಹೋಗಿ, ಇದು ರಾಜ್ಯದ ತುಂಬ ಅಂಟಿಸುವಂಥದ್ದು ಎಂದು ವಿವರಿಸಿದೆ. ಅವನು ಸಮಾಧಾನದಿಂದಲೇ ಕೇಳಿಸಿಕೊಂಡ. "ಸರ್ಕಾರ ಚಾವಡಿ ಮ್ಯಾಲ ಹಚ್ಚಲ್ರಿ ಬಾಯಾರ, ಓದತೀವಿ. ಹೆಣ್ಣ ಕೊಡೋ ಮನಿ ಬಾಗಲದಾಗ ಬೈಸ್ಕೊಂಡು ಹೆಂಗ ಒಳಗ ಬರೂಣು?" ನೀರು ಕೂಡ ಮುಟ್ಟದೆ ಹೊರಟರು. ಒಳಗೆ ಬೀಗರಿಗೆಂದು ಒಲೆಯ ಮೇಲಿಟ್ಟ ಸಿಹಿ ಸಜ್ಜಕ ಸೀದ ವಾಸನೆ ಬರುತ್ತಿತ್ತು. ಯಾರೂ ಏಳಲಿಲ್ಲ.

ಅವರ ಬೆನ್ನಿಗೇ ನಾನು ಉಗುರಿನಿಂದ ಆ ಕಾಗದವನ್ನು ಕೆರೆದು ಕಿತ್ತೆ. ಯಾವ ಕೇಸೂ ಆಗಲಿಲ್ಲ. ಮರುದಿನ ಬಸ್ಸು ಹಿಡಿದು ಅಣ್ಣಿಗೇರಿಗೆ ಹೋಗಿ ಆ ಕಾಕಾನ ಮುಂದೆ ಕೈಮುಗಿದೆ. ಕೂರಿಸಿ ಚಹಾ ಕೊಟ್ಟ. "ನಿಮ್ಮ ಮ್ಯಾಲ ಸಿಟ್ಟಿಲ್ರಿ. ಆದ್ರ ನಾಲ್ಕು ಮಂದಿ ಓದ್ಯಾರ" ಎಂದ. ಗುಮಾಸ್ತ ಹುಡುಗ ಒಳಗಿನ ಕಂಬದ ಬಳಿ ನಿಂತಿದ್ದ. ಒಮ್ಮೆ ಬಾಯಿ ತೆರೆದ, ಕಾಕಾನ ಕಡೆ ನೋಡಿದ, ಕಂಬದ ಹಿಂದೆ ಸರಿದ. ಅವನಿಗೆ ಶ್ರಾವಣ ಮುಗಿಯುವುದರೊಳಗೆ ಬೇರೆ ಕಡೆ ನಿಶ್ಚಯವಾಯಿತು.

ಬೀಗರನ್ನು ಭಿಕ್ಷುಕರೆಂದ ಮನೆ ಎಂಬ ಹೆಸರು ಮಾತ್ರ ಸುತ್ತಲ ಊರುಗಳಲ್ಲಿ ಉಳಿಯಿತು. ಒಂದು ವರ್ಷ ಯಾರೂ ಬರಲಿಲ್ಲ. ಆಮೇಲೆ ಬಂದವನು ಕಲಘಟಗಿ ಕಡೆಯವನು, ಹೆಂಡತಿ ಸತ್ತವನು, ಎರಡು ಮಕ್ಕಳು. ಅವನು ಕೇಳಿದ್ದು ಸ್ಕೂಟರು ಮತ್ತು ಬಂಗಾರ. ಗಂಗವ್ವ ಒಂದು ಮಾತೂ ಚೌಕಾಸಿ ಮಾಡದೆ ಹೊಲದ ಒಂದು ತುಂಡು ಮಾರಿ ಕೊಟ್ಟಳು. ಕಾನೂನಿನ ಪ್ರಕಾರ ನಾನು ಹೋಗಿ ದೂರು ಕೊಡಬೇಕಿತ್ತು. ಕೊಟ್ಟಿದ್ದರೆ ಆ ಮದುವೆಯೂ ಮುರಿಯುತ್ತಿತ್ತು. ಕೊಡಲಿಲ್ಲ. ಪ್ರಚಾರದ ವರದಿಯಲ್ಲಿ "ಸಾರ್ವಜನಿಕರ ಸ್ಪಂದನೆ ಉತ್ತಮ" ಎಂದು ಬರೆದೆ, ಮೇಲಿನವರು ಮೆಚ್ಚಿದರು.

ಆ ಮದುವೆಗೆ ಮುಂಚೆ ರಜೆ ಹಾಕಿ ಮೈಸೂರಿಗೆ ಹೋಗಿದ್ದೆ. ಅಲ್ಲಿ ಕಾಫಿ ಲೋಟ ನನ್ನ ಕೈಗಿಡುತ್ತ ಅಮ್ಮ, "ನಿನ್ನ ಮಾತೆಲ್ಲ ಆ ಕಡೆಯದಾಗಿದೆ, ನೀನು ನಮ್ಮವಳೇ ಅನ್ನಿಸಲ್ಲ ಕಣೆ" ಎಂದಳು. ಹೌದು ಎನ್ನಿಸಿತು. ಸರಿ, ಹಾಗಾದರೆ ನಾನು ಆ ಕಡೆಯವಳೇ ಇರಬೇಕು ಎಂದುಕೊಂಡು, ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿ ನೀಲವ್ವನ ಮದುವೆಗೆ ಬಂದೆ. ರೊಟ್ಟಿ ಬಡಿದೆ, ಎಲೆ ಎತ್ತಿದೆ, ಮನೆಮಗಳ ಹಾಗೆ ಓಡಾಡಿದೆ.

ಮಧ್ಯಾಹ್ನ ಗಂಡನ ಮನೆಗೆ ಹೊರಟು ನಿಂತವಳನ್ನು ನನ್ನ ಕೋಣೆಗೆ ಕರೆದೆ. ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದನ್ನು ಹೇಳಿದೆ. "ನೀಲವ್ವ, ಒಂದ್ಸಲ ಬಾಯಿ ತುಂಬ ಬೈದುಬಿಡು ನನ್ನ. ನಿನ್ನ ಬಾಳು ಹಾಳು ಮಾಡಿದ್ದು ನಾನು."

ಆಕೆ ಸೆರಗು ಸರಿಮಾಡಿಕೊಂಡಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನಮ್ಮವರಿಗೆ ಬೈತೀವ್ರಿ ಬಾಯಾರ. ನಿಮಗ್ಯಾಕ ಬೈಯೂಣು?"