ನಾಲ್ಕು ಬಾಗಿಲಿನ ರಬ್ಬರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಆದರೆ ಆ ಕೋಪದಲ್ಲಿ ಒಬ್ಬ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದಿದ್ದೇನೆ, ಅದೂ ಕಾರಿನ ಕಿಟಕಿಯ ರಬ್ಬರಿಗಾಗಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಾರು ಹದಿನೇಳು ವರ್ಷದ್ದು. ಮಾರಿಬಿಡು ಎಂದು ನನ್ನ ಗಂಡ ಹೇಳುತ್ತಲೇ ಇದ್ದರು, ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಸಂಜಯನಗರದ ನಮ್ಮ ಅಪಾರ್ಟ್‌ಮೆಂಟಿನಿಂದ ಯಲಹಂಕದ ಶಾಲೆಗೆ ಪಾಠ ಹೇಳಲು ಹೋಗುವುದು ಅದರಲ್ಲೇ. ದಿನಾ ಬೆಳಗ್ಗೆ ಅದನ್ನು ಒರೆಸುತ್ತಿದ್ದವರು ಯಲಹಂಕದ ಕಡೆ ಸಿಂಗಾಪುರ ಎಂಬ ಹಳೇ ಊರಿನ ಒಬ್ಬ ಹಿರಿಯರು. ಒಂದು ಬಕೆಟ್ಟು, ಒಂದು ಹಳೇ ಬನಿಯನ್ನು ಇಟ್ಟುಕೊಂಡು ನಮ್ಮ ಕಟ್ಟಡದ ಹನ್ನೊಂದು ಕಾರುಗಳನ್ನು ಎಂಟು ಗಂಟೆಯೊಳಗೆ ಮುಗಿಸುತ್ತಿದ್ದರು.

ಕಳೆದ ಮಳೆಗಾಲದ ಒಂದು ಸಂಜೆ, ಹೆಬ್ಬಾಳದ ಫ್ಲೈಓವರ್ ಮೇಲೆ ಗಾಡಿಗಳು ಅಲ್ಲಾಡದೆ ನಿಂತಿದ್ದಾಗ ಮಳೆ ಹೊಡೆಯಿತು. ಎಡಗಡೆಯ ಗಾಜು ಪೂರ್ತಿ ಏರಿಸಿಯೇ ಇತ್ತು. ಆದರೂ ಅಂಚಿನಿಂದ ನೀರು ಇಳಿದು, ಸೀಟಿನ ಮೇಲಿಟ್ಟಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ತೋಯಿಸಿತು. ಮೂರು ದಿನ ಕೂತು ತಿದ್ದಿದ ಕೆಂಪು ಶಾಯಿಯೆಲ್ಲ ಕದಡಿಹೋಯಿತು. ಮನೆಗೆ ಬಂದು ನೋಡಿದರೆ ಗಾಜಿನ ಸುತ್ತಲಿನ ರಬ್ಬರು ಉಬ್ಬಿ, ಅಲ್ಲಲ್ಲಿ ಹರಿದು ಜೋತುಬಿದ್ದಿತ್ತು. ನಾಲ್ಕೂ ಬಾಗಿಲಲ್ಲಿ ಅದೇ ಕಥೆ.

ಮರುದಿನ ಬೆಳಗ್ಗೆ ಪಾರ್ಕಿಂಗಿನಲ್ಲಿ ಆ ಹಿರಿಯರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡೆ. ಅಷ್ಟು ದಿನ ನೀವು ಎನ್ನುತ್ತಿದ್ದವಳು ಅವತ್ತು ನೀನು ಎಂದೆ. ಒರಟು ಕೈಯಲ್ಲಿ ತಿಕ್ಕಿ ತಿಕ್ಕಿ ಹಾಳು ಮಾಡಿದ್ದೀಯ ಎಂದೆ. ಅವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ನಿಂತು ಕೇಳಿಸಿಕೊಂಡರು. ತಪ್ಪು ಮಾಡದವರು ಹೀಗೆ ಸುಮ್ಮನಿರುತ್ತಾರೆಯೇ ಎಂದು ನನಗೆ ಪಿತ್ತ ಇನ್ನಷ್ಟು ನೆತ್ತಿಗೇರಿತು. ಹರಿದ ರಬ್ಬರಿನ ಫೋಟೋ ತೆಗೆದು, ಖಾರವಾಗಿ ನಾಲ್ಕು ಸಾಲು ಬರೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಒಬ್ಬರಾದರೂ ಸ್ವಲ್ಪ ತಡೆಯಿರಿ ಎನ್ನಬಾರದಿತ್ತೇ? ಎಲ್ಲರೂ ಹೆಬ್ಬೆರಳು ಎತ್ತಿದರು. ನಾಳೆಯಿಂದ ಬರುವುದು ಬೇಡ ಎಂದು ಸೆಕ್ಯೂರಿಟಿಯ ಬಾಯಲ್ಲಿ ಹೇಳಿಸಿದ್ದೂ ಆಯಿತು.

ಹೊಸ ರಬ್ಬರು ಹಾಕಲು ಹತ್ತು ದಿನ ಆಗುತ್ತದೆ ಎಂದ ಮೆಕ್ಯಾನಿಕ್ಕಿನ ಮೇಲೂ ರೇಗಿದೆ. ನಾನೇ ಹಾಕಿಕೊಳ್ಳುತ್ತೇನೆ ಎಂದು ಒಂದು ಬಾಗಿಲಿನ ಹಳೇ ರಬ್ಬರನ್ನು ಕಿತ್ತು, ಆರ್.ಟಿ. ನಗರದ ಬಿಡಿಭಾಗಗಳ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ಹಿಚುಕಿ, ಮೂಸಿ ನೋಡಿದರು. ಅವರ ಬೆರಳಿಗೆ ಕಪ್ಪು ಅಂಟಿತು.

"ಇದಕ್ಕೆ ಎಣ್ಣೆ ಹಾಕಿದ್ರಾ ಮೇಡಂ?"

ಹಾಕಿದ್ದೆ. ಪ್ರತಿ ಆಯುಧಪೂಜೆಗೂ ಹಾಕಿದ್ದೆ. ಗಾಜಿಗೆ ವಿಭೂತಿ ಪಟ್ಟೆ ಬಳಿದು, ಕುಂಕುಮ ಇಟ್ಟು, ಮಿಕ್ಕ ದೀಪದೆಣ್ಣೆಯನ್ನು ಚೆಲ್ಲಬಾರದೆಂದು ಹತ್ತಿಯಲ್ಲಿ ಅದ್ದಿ ರಬ್ಬರಿಗೆಲ್ಲ ಸವರುತ್ತಿದ್ದೆ. ಫಳಫಳ ಹೊಳೆಯುತ್ತಿತ್ತು. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಧೂಳು ಹಿಡಿಯುತ್ತದೆ, ಆಮೇಲೆ ಗಾಜು ಏರಿಳಿದಾಗೆಲ್ಲ ಹರಿಯುತ್ತದೆ ಎಂದು ಅಂಗಡಿಯವರು ವಿವರಿಸುತ್ತಿದ್ದರು. ನನಗೆ ಅರ್ಧವೂ ಕೇಳಿಸಲಿಲ್ಲ. ಹಿಂದಿನ ವರ್ಷ ಹಬ್ಬದ ದಿನ ನಾನು ಹತ್ತಿ ಹಿಡಿದು ನಿಂತಿದ್ದಾಗ, ಕಾರು ಒರೆಸುವ ಅದೇ ಹಿರಿಯರು ಎಣ್ಣೆ ಬೇಡ ಎಂದಿದ್ದರು. ಪೂಜೆಯ ವಿಷಯಕ್ಕೆ ನೀವು ಬರಬೇಡಿ ಎಂದು ಬಾಯಿ ಮುಚ್ಚಿಸಿದ್ದೆ.

ಭಾನುವಾರ ಪಾರ್ಕಿಂಗಿನಲ್ಲಿ ಮಣೆ ಹಾಕಿಕೊಂಡು ಕೂತೆ. ಉಳಿದ ಬಾಗಿಲುಗಳದ್ದನ್ನೂ ಕಿತ್ತು, ಸಂದಿಯಲ್ಲಿ ಕೂತಿದ್ದ ಕಪ್ಪು ಅಂಟನ್ನು ಸೋಪು ನೀರು ಹಾಕಿ ಹಳೇ ಬ್ರಷ್ಷಿನಲ್ಲಿ ಉಜ್ಜಿದೆ. ಹೊಸದನ್ನು ಮೂಲೆಯಿಂದ ಶುರುಮಾಡಿ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗಬೇಕು. ಎಳೆದರೆ ಕೆಟ್ಟಿತು, ಆಮೇಲೆ ಕುಗ್ಗಿ ಮೂಲೆ ಬಿಟ್ಟುಕೊಳ್ಳುತ್ತದೆ. ನಾನು ಎಳೆದೆ, ನನ್ನನ್ನೇ ಬೈದುಕೊಂಡೆ, ಬಿಚ್ಚಿ ಮತ್ತೆ ಕೂರಿಸಿದೆ. ಮೇಲಿನ ಮನೆಯಾಕೆ ಬಂದು, ಆ ಮನುಷ್ಯನಿಂದ ನಿಮಗೆ ಎಷ್ಟು ಕಷ್ಟ ನೋಡಿ ಎಂದು ಮರುಗಿದರು. ಅವರಿಂದಲ್ಲ, ನನ್ನಿಂದಲೇ ಎಂದು ಗದರಿದೆ. ಮಸಿ ಕೈಯಲ್ಲೇ ಗ್ರೂಪಿನಲ್ಲಿ ನಿಜ ಬರೆದು ಹಾಕಿದೆ. ಅದಕ್ಕೂ ಎಲ್ಲರೂ ಹೆಬ್ಬೆರಳು ಎತ್ತಿದರು. ಫೋನು ಬಿಸಾಡಬೇಕು ಅನ್ನಿಸಿತು.

ಆ ಹಿರಿಯರು ಈಗ ಬ್ಯಾಟರಾಯನಪುರದ ಒಂದು ಕಟ್ಟಡದಲ್ಲಿ ಕಾರು ಒರೆಸುತ್ತಿದ್ದಾರೆಂದು ಸೆಕ್ಯೂರಿಟಿ ಹೇಳಿದ. ಮರುದಿನ ಬೆಳಗ್ಗೆ ಅದೇ ಕಾರಿನಲ್ಲಿ ಹೋದೆ. ಅಲ್ಲಿ ಅವರಿಗೆ ಸಿಕ್ಕಿದ್ದು ಮೂರೇ ಕಾರು. ತಪ್ಪಾಯಿತು, ಎಲ್ಲರಿಗೂ ಹೇಳಿದ್ದೇನೆ, ವಾಪಸ್ ಬನ್ನಿ ಎಂದೆ. ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಕಿಟಕಿಯನ್ನು. ರಬ್ಬರನ್ನು ಮೂಲೆಯಲ್ಲಿ ಒತ್ತಿ ನೋಡಿ, ಸರಿಯಾಗಿ ಕೂತಿದೆ ಎಂದರು. ಇಲ್ಲಿ ಒಪ್ಪಿಕೊಂಡಾಗಿದೆ, ಇನ್ನು ಅಲ್ಲಿಗೆ ಬರುವುದಿಲ್ಲ ಎಂದರು.

ನನಗೆ ಆಗಲೂ ರೇಗಿತು. ಎಣ್ಣೆಯಿಂದಲೇ ಹಾಳಾಗಿದ್ದೆಂದು ಗೊತ್ತಿದ್ದೂ ಅವತ್ತು ಯಾಕೆ ಹೇಳಲಿಲ್ಲ ಎಂದು ಜೋರಾಗಿಯೇ ಕೇಳಿಬಿಟ್ಟೆ. ಅವರು ಬಟ್ಟೆ ಹಿಂಡಿ, ಅವತ್ತಿನ ಹಾಗೆಯೇ ಬಕೆಟ್ಟಿನ ಅಂಚಿಗೆ ಹಾಕಿದರು.

"ಓದ್ ವರ್ಸ ಏಳಿದ್ನಲ್ಲ ಮೇಡಂ. ಎರಡ್ನೇ ಸಲ ಏಳುದ್ರೆ ಎದುರ್ ಮಾತಾಡ್ದಂಗಾಯ್ತದೆ."

ಬಕೆಟ್ಟು ಎತ್ತಿಕೊಂಡು ಮುಂದಿನ ಕಾರಿಗೆ ಹೋದರು.