ಅಳಿವೆ ಬಾಗಿಲಿನಲ್ಲಿ ಭೀಮರಾಜ್

ಆವನಿಯ ಸುತ್ತಮುತ್ತ ಬೋರ್‌ವೆಲ್ ಕೊರೆಸಿದವರಲ್ಲಿ ಭೀಮರಾಜನನ್ನು ಅರಿಯದವರು ಕಡಿಮೆ. ಮೀಸೆ ಚಿಗುರುವ ಮೊದಲೇ ರಿಗ್ ಲಾರಿ ಹತ್ತಿದವನು. ಮುಳಬಾಗಿಲು, ಶ್ರೀನಿವಾಸಪುರದ ಕಲ್ಲುನೆಲವನ್ನು ಕೊರೆಯುತ್ತಲೇ ನಡುವಯಸ್ಸಿಗೆ ಬಂದ. ನೀರು ಆಳಕ್ಕೆ ಇಳಿದಂತೆಲ್ಲ ಮೆಷಿನ್ ಪಕ್ಕ ನಿಲ್ಲುವ ಹೊತ್ತೂ ಹೆಚ್ಚಾಯಿತು. ಊಟಕ್ಕೆ ಕೂತಾಗಲೂ ಕಿವಿಯೊಳಗೆ ಒಂದು ಶಿಳ್ಳೆ ಕೇಳುತ್ತಲೇ ಇರುತ್ತಿತ್ತು. ಹೆಂಡತಿ ಗಂಗಾ ಎರಡೆರಡು ಸಲ ಕೂಗಬೇಕಾಗುತ್ತಿತ್ತು.

ಕೊರೆದ ಕಡೆಯೆಲ್ಲ ಬರೀ ಧೂಳೆದ್ದು ಬೇಸತ್ತಿದ್ದ ದಿನಗಳಲ್ಲಿ ಮುಳಬಾಗಿಲಿನ ಜುಬೇರ್ ಸಿಕ್ಕಿದ. ಕ್ರೇನ್ ಓಡಿಸುವ ಹಳೆಯ ಸ್ನೇಹಿತ. ಕರಾವಳಿಯಲ್ಲಿ ಬಂದರು ಕಟ್ಟುತ್ತಿದ್ದಾರೆ, ಸಮುದ್ರದ ತಳಕ್ಕೆ ಕಬ್ಬಿಣದ ಹಲಗೆ ಬಡಿಯುವ ಮೆಷಿನ್‌ಗೆ ಪಳಗಿದ ಕೈ ಬೇಕಂತೆ ಎಂದ. ಭೀಮರಾಜ್ ಹೊರಟ.

ಅವನು ಸಮುದ್ರ ನೋಡಿದ್ದು ಅದೇ ಮೊದಲು. ನದಿ ಸಮುದ್ರಕ್ಕೆ ಸೇರುವ ಅಳಿವೆ ಬಾಗಿಲಿನಲ್ಲಿ ಕೆಲಸ. ಬೆಳಿಗ್ಗೆ ಮೆಷಿನ್ ಶುರುವಾಗುವ ಮುಂಚೆ ಬೂದು ಬೆನ್ನುಗಳು ನೀರಿನಿಂದೆದ್ದು ಮುಳುಗುತ್ತಿದ್ದವು. ಅವು ಡಾಲ್ಫಿನ್‌ಗಳೆಂದೂ ಮೀನಿನ ಹಿಂಡು ಅಟ್ಟಿಕೊಂಡು ಬರುತ್ತವೆಂದೂ ಅಲ್ಲಿ ಬಲೆ ಬೀಸುತ್ತಿದ್ದ ಮುದುಕ ಹೇಳಿದ. ಕದಡಿದ ನೀರಿನಲ್ಲಿ ಅವಕ್ಕೆ ಕಣ್ಣಿಗಿಂತ ಕಿವಿಯೇ ಆಸರೆಯಂತೆ. ತಾವೇ ಸದ್ದು ಹೊರಡಿಸಿ, ಮರಳಿ ಬಂದ ದನಿಯಿಂದ ದಾರಿ ತಿಳಿಯುತ್ತವಂತೆ. ಆ ಮಾತು ಕೇಳಬಾರದಿತ್ತು ಅನ್ನಿಸಿತು ಭೀಮರಾಜನಿಗೆ. ಅವನ ಮೆಷಿನ್ನಿನ ಮೊದಲ ಏಟು ಬಿದ್ದೊಡನೆ ಬೆನ್ನುಗಳು ಮಾಯವಾಗುತ್ತಿದ್ದವು.

ಶುರುವಿನಲ್ಲಿ ದೋಣಿಯ ಮೇಲೊಬ್ಬ ಕಾವಲಿದ್ದ. ಡಾಲ್ಫಿನ್ ಹತ್ತಿರ ಬಂದರೆ ಬಾವುಟ ಎತ್ತುತ್ತಿದ್ದ, ಕೆಲಸ ನಿಲ್ಲುತ್ತಿತ್ತು. ಮಳೆಗಾಲದೊಳಗೆ ಮುಗಿಸುವ ಅವಸರ ಬಿದ್ದ ಮೇಲೆ ಆ ದೋಣಿಯನ್ನು ಸಾಮಾನು ಸಾಗಿಸಲು ಒಯ್ದರು.

ಅಲೆ ತಡೆಯಲು ಹಾಕಿದ್ದ ಕಲ್ಲಿನ ಒಡ್ಡಿಗೂ ಭೀಮರಾಜ್ ಬಡಿದು ನಿಲ್ಲಿಸಿದ ಕಬ್ಬಿಣದ ಗೋಡೆಗೂ ನಡುವೆ ಒಂದು ಕಿಂಡಿ ಮಾತ್ರ ಉಳಿದಿತ್ತು. ಅದನ್ನು ಮುಚ್ಚಿ, ಒಳಗಿನ ನೀರು ತೆಗೆದು ಕಟ್ಟಡ ಎಬ್ಬಿಸಬೇಕಿತ್ತು. ಆ ದಿನ ಉಬ್ಬರದ ಜೊತೆ ಒಂದು ತಾಯಿ ಡಾಲ್ಫಿನ್, ಮರಿಯೊಡನೆ ಒಳಕ್ಕೆ ಬಂದಿತ್ತು. ಭೀಮರಾಜ್ ನೋಡುವಷ್ಟರಲ್ಲಿ ಏಟುಗಳು ಬಿದ್ದಾಗಿತ್ತು. ಎರಡೂ ದೂರದ ಮೂಲೆಗೆ ಓಡಿದವು, ತಿರುಗಿದವು, ಕಿಂಡಿಯತ್ತ ಬಂದವು. ಇನ್ನೊಂದು ಏಟಿಗೆ ಬೆದರಿ ಹಿಂದೆ ಹೋದವು. ಹೊರಗೆ ಹೋಗಲು ಇದ್ದದ್ದು ಅದೊಂದೇ ದಾರಿ. ಅದರ ಪಕ್ಕದಲ್ಲೇ ಅವನ ಮೆಷಿನ್ ನಿಂತಿತ್ತು.

ಅವನು ಎಂಜಿನ್ ಆಫ್ ಮಾಡಿದ. ಎಂಜಿನಿಯರ್ ವಾಕಿಟಾಕಿಯಲ್ಲಿ ರೇಗಿದ. ಜುಬೇರ್ ಕ್ಯಾಬಿನ್ ಹತ್ತಿ ಬಂದು ಅವನ ಕಿವಿಯ ಬಳಿ ಬಾಗಿದ.

“ಲೇ ಭೀಮ, ನೀನು ಇಳಿದ್ರೆ ಇನ್ನೊಬ್ಬ ಹತ್ತುತಾನೆ ಕಣೋ. ಏಟಂತೂ ಬೀಳೋದೇ.”

“ಸಂಜೆವರೆಗೆ ಟೈಮ್ ಕೇಳು ಭಾಯ್. ಅವು ಹೋಗ್ಲಿ.”

ಎಂಜಿನಿಯರ್ ಕೆಟ್ಟವನಲ್ಲ, ಸಂಜೆಯವರೆಗೆ ಬಿಟ್ಟ. ಭೀಮರಾಜ್ ಕಲ್ಲಿನ ಮೇಲೆ ಕೂತು ನೀರನ್ನೇ ನೋಡಿದ. ಆದರೆ ಕಿಂಡಿಯ ಆಚೆ ಹೂಳೆತ್ತುವ ಹಡಗು ಗುಡುಗುತ್ತಿತ್ತು, ಅದನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇರಲಿಲ್ಲ. ತಾಯಿ ಕಿಂಡಿಯವರೆಗೆ ಬಂದು ಬಂದು ಮರಳಿತು. ಹೊತ್ತಿಳಿಯುವಾಗ ಒಮ್ಮೆ ನುಗ್ಗಿ ಹೊರಬಿತ್ತು. ಮರಿ ಹಿಂಬಾಲಿಸಲಿಲ್ಲ. ತಾಯಿ ಗೋಡೆಯ ಹೊರಮೈಗುಂಟ ಆಚೀಚೆ ಈಜತೊಡಗಿತು.

ಮರುದಿನ ಮೆಷಿನ್ ಹತ್ತಿದವನು ಬೇರೆ ಯಾರೂ ಅಲ್ಲ, ಭೀಮರಾಜನೇ. ಇನ್ನೊಬ್ಬನಾದರೆ ಬಿಡುವಿಲ್ಲದೆ ಬಡಿಯುತ್ತಾನೆ. ತಾನಾದರೆ ಏಟಿಗೂ ಏಟಿಗೂ ನಡುವೆ ತಡೆಯಬಹುದು, ಆ ಬಿಡುವಿನಲ್ಲಿ ಮರಿ ದಾಟೀತು ಎಂದುಕೊಂಡ. ಒಂದೊಂದು ಏಟಿನ ನಂತರವೂ ಕೈ ತಡೆದು ನೀರಿನತ್ತ ನೋಡಿದ. ಕೆಳಗಿನಿಂದ ಬೇಗ ಬೇಗ ಎಂದು ಕೂಗುತ್ತಿದ್ದರು. ಮರಿ ಮೂಲೆ ಬಿಟ್ಟು ಬರಲಿಲ್ಲ. ಕಿಂಡಿ ಮುಚ್ಚಿತು, ಮುಚ್ಚಿದ್ದು ಅವನ ಕೈಯೇ.

ಮುದುಕನೂ ಅವನ ಜೊತೆಯವರೂ ಬಲೆ ಹಾಕಿ ಮರಿಯನ್ನು ಹಿಡಿದು ಗೋಡೆ ದಾಟಿಸಲು ನೋಡಿದರು. ಬಲೆ ಮೇಲೆ ಬರುವಷ್ಟರಲ್ಲಿ ಅದು ಪ್ರಾಣ ಬಿಟ್ಟಿತ್ತು. ಮುದುಕ ಭೀಮರಾಜನತ್ತ ನೋಡದೆ ಬಲೆ ಮಡಚತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಮುಗಿಸಿ ಊರಿಗೆ ಬಂದಾಗ ಅವನ ಕಿವಿ ಮತ್ತಷ್ಟು ಮಂದವಾಗಿತ್ತು. ಗಂಗಾ ಕೋಲಾರದ ಡಾಕ್ಟರ ಬಳಿ ಕರೆದೊಯ್ದಳು. ಹೋದದ್ದು ಮರಳುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಬೇಕಾದರೆ ಸದ್ದಿನ ಕೆಲಸ ಬಿಡಿ ಎಂದರು ಅವರು. ಕ್ಯಾಲನೂರಿನಲ್ಲಿ ಅವಳ ಅಣ್ಣ ಹಾಲಿನ ಡೇರಿಯಲ್ಲಿ ಅವನನ್ನು ಲೆಕ್ಕ ಬರೆಯಲು ಕೂರಿಸಿದ. ಅಲ್ಲಿ ಜನ ಒಂದು ಹೇಳಿದರೆ ಇವನು ಇನ್ನೊಂದು ಬರೆಯುತ್ತಿದ್ದ. ಅವರು ಮುಖದ ಹತ್ತಿರ ಬಂದು ಅರಚುವುದನ್ನು ತಾಳಲಾರದೆ ಬಿಟ್ಟುಬಂದ. ಕಿವಿಗೆ ಹತ್ತಿ ತುರುಕಿಕೊಂಡು ಮತ್ತೆ ರಿಗ್ ಲಾರಿ ಹತ್ತಿದ.

ಒಂದು ಸಂಜೆ ಜುಬೇರ್ ಫೋನ್ ಮಾಡಿದ. ಭೀಮರಾಜನಿಗೆ ಮಾತು ಹಿಡಿಯಲಿಲ್ಲ, ಗಂಗಾಳ ಕೈಗೆ ಕೊಟ್ಟ. ಅವಳು ಕೇಳಿಸಿಕೊಂಡು, ಅವನ ಎದುರಿಗೆ ಬಂದು ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು.

“ಆ ಬಂದರಲ್ಲಿ ಇನ್ನೊಂದು ಒಡ್ಡು ಕಟ್ತಾರಂತೆ. ಹೋಗ್ತೀಯಾ?”

ಅವನು ತಲೆಯಾಡಿಸಿ ಬೇಡವೆಂದ. ಯಾಕೆಂದು ಕೇಳಿದಳು. ಆಗ ಮೊದಲ ಸಲ ಅವಳಿಗೆ ಆ ಮರಿಯ ವಿಷಯ ಹೇಳಿದ. ತನ್ನ ದನಿ ಎಷ್ಟು ಜೋರೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಕದಿರಮ್ಮ ಹೊರಬಂದು ನಿಂತಳು, ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು. ಗಂಗಾ ಅವನನ್ನು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, ಈ ರಿಗ್ ಕೆಲಸವನ್ನೂ ಬಿಟ್ಟುಬಿಡು ಎಂದಳು.

“ಬೇರೆ ಕೆಲಸ ಬರಲ್ವಲ್ಲೇ ನಂಗೆ,” ಎಂದ ಭೀಮರಾಜ್.