ಮಂಕರಿಯೊಳಗಿನ ಫೋನುಗಳು

ಆ ಗ್ರಾಫ್ ಈಗಲೂ ನನ್ನ ಹತ್ತಿರ ಇದೆ. ಒಂದು ಊರಿನ ಫೋನುಗಳ ಓಡಾಟ ತೋರಿಸುವ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಒಂದೇ ಮಟ್ಟದಲ್ಲಿ ಸಾಗುವ ನೀಲಿ ಗೆರೆ. ಅದನ್ನು ನೋಡಿದಾಗ ಚಾಮರಾಜನಗರದ ಕಾಲೇಜಿನಲ್ಲಿ ನನ್ನ ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು ಎಂದು ನೆನಪು. ನಿಜವಾಗಿ ಒರೆಸಿಕೊಂಡರೋ ಇಲ್ಲವೋ. ಇಂಥ ಸಣ್ಣ ಅಲಂಕಾರಗಳನ್ನು ನೆನಪು ತಾನೇ ಸೇರಿಸಿಕೊಳ್ಳುತ್ತದೆ ಎಂಬ ಗುಮಾನಿ ನನಗೆ ಯಾವಾಗಲೂ ಇದೆ. ಅವರು ಹೇಳಿದ್ದನ್ನು ಮಾತ್ರ ಅಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ: “ಜನ ಇಷ್ಟು ನಿಧಾನವಾಗಿ ಓಡಾಡುವ ಊರು ಇದೆಯೇನಯ್ಯಾ?”

ಕೆಲಸ ಇಷ್ಟು. ಹಂಗಳದ ಆಚೆ, ಕಾಡಂಚಿನ ಹೊಲಗಳಲ್ಲಿ ಕಂಬಗಳಿಗೆ ಕ್ಯಾಮೆರಾ ಕಟ್ಟಿ, ಅವುಗಳಿಗೆ ಮೊಬೈಲ್ ಸಿಗ್ನಲ್ ಬೇಡದ ರೇಡಿಯೊ ಸಂಪರ್ಕ ಕೊಟ್ಟಿದ್ದೆವು. ಆನೆ ಬಂದರೆ ಅದರ ಚಿತ್ರ ಒಂದು ಕಂಪ್ಯೂಟರಿಗೆ ಹೋಗಬೇಕು, ಅದು ಆನೆಯೋ ಎಮ್ಮೆಯೋ ಎಂದು ಆ ಕಂಪ್ಯೂಟರು ತೀರ್ಮಾನಿಸಬೇಕು, ಸುತ್ತಲಿನವರ ಫೋನಿಗೆ ಎಚ್ಚರಿಕೆ ಕಳಿಸಬೇಕು. ಕಂಪ್ಯೂಟರು ದೂರದ ಊರಿನಲ್ಲಿದ್ದರೆ ತಡವಾಗುತ್ತದೆ. ಅದಕ್ಕೇ ಹತ್ತಿರದಲ್ಲಿ ಮೂರು ಸಣ್ಣ ಸರ್ವರ್‌ಗಳನ್ನು ಇಟ್ಟಿದ್ದೆವು: ಹಂಗಳದ ಹಾಲಿನ ಡೈರಿಯಲ್ಲಿ ಒಂದು, ಗುಂಡ್ಲುಪೇಟೆಯ ನನ್ನ ಬಾಡಿಗೆ ಕೋಣೆಯಲ್ಲಿ ಒಂದು, ಕಾಲೇಜಿನಲ್ಲಿ ಒಂದು. ಹಂಗಳದ್ದು ಚಿಕ್ಕದು, ಒಟ್ಟಿಗೆ ಹೆಚ್ಚು ಫೋನುಗಳನ್ನು ನೋಡಿಕೊಳ್ಳಲಾರದು. ಜನರೋ ಬೈಕು, ಬಸ್ಸು, ಲಾರಿ ಹಿಡಿದು ಓಡಾಡುತ್ತಲೇ ಇರುತ್ತಾರೆ. ಈ ಗಳಿಗೆಯಲ್ಲಿ ಯಾರ ಫೋನನ್ನು ಯಾವ ಸರ್ವರ್‌ಗೆ ಒಪ್ಪಿಸಿದರೆ ತಡವೂ ಆಗದು, ಹೊರೆಯೂ ಆಗದು ಎಂದು ಕಂಡುಹಿಡಿಯುವುದು ನನ್ನ ಪಿಎಚ್‌ಡಿ.

ಊರಿನಲ್ಲಿ ನನ್ನನ್ನು ಮೊದಲು ನಂಬಿದವರು ಚೆಂಡು ಹೂವು ಬೆಳೆಯುವ ಒಬ್ಬ ರೈತರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹಿಂದೊಮ್ಮೆ ಆನೆ ಅಟ್ಟಿಸಿಕೊಂಡು ಬಂದಾಗ ಬಿದ್ದು ಅವರ ಎಡಗಾಲು ಕುಂಟಾಗಿತ್ತು. ಇನ್ನೊಂದು ಸಲ ಓಡಲು ಆಗುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು, ಇಡೀ ಊರಿಗೂ ಗೊತ್ತಿತ್ತು. ಮೂವತ್ತು ಜನರ ಫೋನಿಗೆ ನಮ್ಮ ಆ್ಯಪ್ ಹಾಕಿಸಿದವರು ಅವರೇ.

ಎರಡು ವಾರ ನಾನು ಗುಂಡ್ಲುಪೇಟೆಯ ಕೋಣೆಯಲ್ಲೇ ಕುಳಿತು ಗೆರೆ ನೋಡಿದೆ. ಯಾರೂ ಅಲ್ಲಾಡುತ್ತಿರಲಿಲ್ಲ, ಯಾವ ಫೋನಿಗೂ ಸರ್ವರ್ ಬದಲಿಸಬೇಕಾಗಿ ಬರುತ್ತಿರಲಿಲ್ಲ. ನನ್ನ ವಿಧಾನ ಅಷ್ಟು ಸೊಗಸಾಗಿ ಕೆಲಸ ಮಾಡುತ್ತಿದೆ ಎಂದುಕೊಂಡೆ. ಎಲ್ಲವನ್ನೂ ಅನುಮಾನಿಸುತ್ತೇನೆ ಎಂದು ಬೀಗುತ್ತಿದ್ದವನು ಇದೊಂದನ್ನು ಮಾತ್ರ ಅನುಮಾನಿಸಲಿಲ್ಲ.

ಮೂರನೆಯ ವಾರ ಡೈರಿಯ ಸರ್ವರಿನ ಫ್ಯಾನು ಕೆಟ್ಟಿತು. ಹೊಸದನ್ನು ಹಾಕಲು ಬೆಳಗ್ಗೆಯೇ ಬೈಕಿನಲ್ಲಿ ಹೋದೆ. ಡೈರಿಯ ಪಕ್ಕದಲ್ಲಿ ಒಬ್ಬ ಹೆಂಗಸಿನ ಕಾಫಿ ಅಂಗಡಿ. ಊರಿಗೆಲ್ಲ ಆಕೆ ಅಕ್ಕ. ಕಾಫಿ ಕುಡಿಯುತ್ತಿದ್ದಾಗ ಅಂಗಡಿಯ ಕಂಬಕ್ಕೆ ನೇತುಹಾಕಿದ್ದ ಬಿದಿರು ಮಂಕರಿಯಿಂದ ಫೋನ್ ಹೊಡೆದುಕೊಳ್ಳುವ ಸದ್ದು ಬಂತು. ಬಗ್ಗಿ ನೋಡಿದೆ. ತಳದ ತುಂಬ ಫೋನುಗಳು.

“ಇದೇನಕ್ಕ ಇದು?”

“ಪೋನ್ ಮಂಕ್ರಿ ಸಾ. ಒಲ್ದಲ್ಲಿ ಸಿಗ್ನಲ್ ಎಲ್ಲದ? ಉಡಿಕಿ ಉಡಿಕಿ ಬ್ಯಾಟ್ರಿ ಸತ್ತೋಯ್ತದ. ಅದ್ಕೇ ಬೆಳಗ್ಗೆ ಇಲ್ಲೇ ಮಡಗ್ಬುಟ್ಟು ಓಯ್ತರೆ, ಬರೋವಾಗ ಈಸ್ಕತ್ತರೆ.”

“ಯಾರಾದರೂ ಫೋನ್ ಮಾಡಿದರೆ?”

“ನಾನಿಲ್ವಾ? ಯಾರು, ಏನ್ ಸಮಾಚಾರ ಅಂತ ಕೇಳ್ತೀನಿ. ಆ ಕಡೆ ಓಗೋರ ಕೈಲಿ ಯೇಳ್ ಕಳುಸ್ತೀನಿ.” ಆಕೆ ಮಂಕರಿಯನ್ನು ಒಮ್ಮೆ ಅಲ್ಲಾಡಿಸಿ ನಕ್ಕಳು. “ನಿಮ್ ಆನೆ ಆಪ್‌ನೋರು ಮೂವತ್ ಜನಾನೂ ಇಲ್ಲೇ ಅವ್ರೆ. ಎಣುಸ್ಕಳಿ.”

ಮಂಕರಿ ಅಲ್ಲಾಡದ್ದರಿಂದ ಗೆರೆಯೂ ಅಲ್ಲಾಡಿರಲಿಲ್ಲ. ಹೊಲದಲ್ಲಿ ಸಿಗ್ನಲ್ ಇದೆಯೆಂದು ನಾನು ನಕ್ಷೆಯಲ್ಲಿ ನೋಡಿದ್ದೆನೇ ಹೊರತು ಒಮ್ಮೆಯೂ ಹೊಲದಲ್ಲಿ ನಿಂತು ಫೋನ್ ತೆಗೆದಿರಲಿಲ್ಲ.

ಕಾಫಿ ಲೋಟ ಕೆಳಗಿಡುವ ಮೊದಲೇ ಮೂವತ್ತೂ ಫೋನುಗಳು ಒಟ್ಟಿಗೆ ಕಿರುಚಿದವು. ಆ ಸೈರನ್ ಸದ್ದನ್ನು ಆರಿಸಿದವನು ನಾನೇ. ಒಂದನ್ನು ಎತ್ತಿ ನೋಡಿದೆ: ಆನೆ, ಅಣ್ಣನ ಹೊಲದ ಕಂಬ. ಅಣ್ಣನ ಫೋನು ನನ್ನ ಕಣ್ಣೆದುರಿಗೇ ಮಂಕರಿಯಲ್ಲಿ ನಡುಗುತ್ತಿತ್ತು.

“ಅಣ್ಣ ಎಲ್ಲಿ?”

“ಊವ ಕುಯ್ಯಕ್ಕೋಗಿ ಗಂಟೆ ಆಯ್ತು.” ಅಕ್ಕನ ನಗು ನಿಂತುಹೋಗಿತ್ತು.

ನಾನು ಬೈಕ್ ಸ್ಟಾರ್ಟ್ ಮಾಡಿದೆ. “ಅಳ್ಳದ್ ದಾರೀಲಿ ಓಗ್ಬೇಡಿ ಸಾ, ಕೆಸ್ರು!” ಎಂದಳು. ಅದೇ ಹತ್ತಿರದ ದಾರಿ ಎಂದು ನನಗೆ ಗೊತ್ತಿತ್ತು. ಹೊರಟೆ. ಬೈಕು ತಿರುಗಿಸಿಕೊಳ್ಳುತ್ತಿದ್ದಾಗಲೇ ಬೆನ್ನ ಹಿಂದೆ ಆಕೆ ರಸ್ತೆಗೆ ಇಳಿದು ಟ್ರ್ಯಾಕ್ಟರಿನವನನ್ನು ನಿಲ್ಲಿಸಿದ್ದು ಕೇಳಿಸಿತು.

“ಲೋ, ನಿಲ್ಸ್ಲಾ! ದಿಣ್ಣೆ ತಾವ್ಕೋಗಿ ಆರನ್ ಒಡಿ. ಮೇಲ್ಗಡೆ ಆಡ್ ಮೇಯ್ಸೋಳ್ ಅವ್ಳೆ. ಆನೆ ಅನ್ನು. ಅವ್ಳ್ ಕೂಗುದ್ರೆ ಕುಂಟಣ್ಣಂಗೆ ಕೇಳುಸ್ತದ.”

“ನಾನೇ ಓಗ್ಬುಡ್ತೀನಿ ಬುಡಕ್ಕ.”

“ನೀನ್ ಓಗೋಗಂಟ ಆನೆ ಕಾಯ್ಕಂಡ್ ನಿಂತಿದ್ದದ? ಯೇಳ್ದಷ್ಟ್ ಮಾಡ್ಲಾ!”

ಹಳ್ಳದಲ್ಲಿ ಬೈಕಿನ ಮುಂದಿನ ಚಕ್ರ ಹೂತುಕೊಂಡಿತು. ಇಳಿದು ಓಡಿದೆ. ಎಲ್ಲಿಂದಲೋ ಹಾರನ್ ಸದ್ದು, ಅದರ ಹಿಂದೆಯೇ ದಿಣ್ಣೆಯ ಮೇಲಿಂದ ಉದ್ದಕ್ಕೆ ಎಳೆದ ಹೆಂಗಸಿನ ಕೂಗು. ನಾನು ತಲುಪುವ ಹೊತ್ತಿಗೆ ಅಣ್ಣ ಆನೆ ತಡೆಯಲು ಹೊಲದ ಅಂಚಿಗೆ ತೋಡಿದ್ದ ಕಂದಕದ ಈಚೆ, ಬೋರ್‌ವೆಲ್ ಮನೆಯ ಕಟ್ಟೆಯ ಮೇಲೆ ಹೂವಿನ ಮೂಟೆಗೆ ಒರಗಿ ಕುಳಿತಿದ್ದರು. ಆಚೆ, ಹಳದಿ ಹೂವಿನ ನಡುವೆ ಒಂಟಿ ಸಲಗ ಯಾವ ಆತುರವೂ ಇಲ್ಲದೆ ನಿಂತಿತ್ತು. ಅಣ್ಣ ಅದನ್ನು ಬಿಟ್ಟು ನನ್ನ ಕಾಲನ್ನು ನೋಡಿದರು.

“ಇನ್ನೊಂದ್ ಎಕ್ಕಡ ಎಲ್ಲೋಯ್ತು ಮೇಷ್ಟ್ರೇ?”

ಅಣ್ಣ ಈಚೆ ಬಂದದ್ದು ಹೇಗೆ ಎಂಬುದರಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಕೂಗು ಮೊದಲು ಕೇಳಿ ಆಮೇಲೆ ಅಣ್ಣ ಎದ್ದರು ಎಂದು ನನಗೆ ನೆನಪು. ಆದರೆ ಆಗ ನಾನು ಹಳ್ಳದಲ್ಲಿದ್ದೆ, ಅದನ್ನು ನೋಡಿರಲು ಸಾಧ್ಯವೇ ಇಲ್ಲ. ಅಣ್ಣನನ್ನೇ ಕೇಳಿದರೆ ಒಂದು ಸಲ “ಕೂಗು ಕೇಳುಸ್ತು, ಎದ್ ಬಂದೆ” ಎನ್ನುತ್ತಾರೆ, ಇನ್ನೊಂದು ಸಲ “ಒಟ್ಟೆ ಅಸ್ದಿತ್ತು, ಬುತ್ತಿ ಈ ಕಡೆ ಮಡಗಿದ್ದೆ” ಎನ್ನುತ್ತಾರೆ. ಉಳಿಸಿದ್ದು ಕೂಗೋ ಹಸಿವೋ ನನಗೆ ಗೊತ್ತಿಲ್ಲ. ಅವರು ಉಳಿದರು. ಹಾಗೆಯೇ ನನ್ನ ಎಚ್ಚರಿಕೆಯ ಸಂದೇಶ ಅವರನ್ನು ತಲುಪಲಿಲ್ಲ ಎಂಬುದರಲ್ಲೂ ಅನುಮಾನವಿಲ್ಲ.

ಮರುದಿನ ಚಾಮರಾಜನಗರಕ್ಕೆ ಹೋಗಿ ಗೈಡಿಗೆ ಮಂಕರಿಯ ವಿಷಯ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಗ್ರಾಫನ್ನು ಇನ್ನೊಮ್ಮೆ ನೋಡಿ, “ಗೆರೆ ಚೆನ್ನಾಗಿತ್ತು ಕಣಯ್ಯಾ” ಎಂದರು. ಆಮೇಲೆ, “ಹೋಗು, ಆ ಅಂಗಡಿಯಲ್ಲೇ ಕೂತ್ಕೊ” ಎಂದರು. ಒಂದು ವರ್ಷದ ಕೆಲಸ ಹಾಳಾದವನಿಗೆ ಅಂಥ ಮಾತು ಹೇಳುವವರು ಸಿಕ್ಕಿದ್ದು ನನ್ನ ಪುಣ್ಯ. ಆ ಪದವನ್ನು ನಾನು ಸುಲಭಕ್ಕೆ ಬಳಸುವವನಲ್ಲ.

ತಿಂಗಳೊಪ್ಪತ್ತು ಅಲ್ಲಿ ಕುಳಿತೆ. ಅಕ್ಕ ಯಾವ ಸುದ್ದಿಯನ್ನು ಯಾರ ಕೈಯಲ್ಲಿ ಕಳಿಸುತ್ತಾಳೆ ಎಂದು ಬರೆದುಕೊಂಡೆ. ಆಕೆ ತನಗೆ ಹತ್ತಿರ ನಿಂತವನಿಗೆ ಹೇಳುತ್ತಿರಲಿಲ್ಲ. ಸುದ್ದಿ ಮುಟ್ಟಬೇಕಾದವನ ಕಡೆಗೆ ಮುಖಮಾಡಿ ಹೊರಟವನಿಗೆ ಹೇಳುತ್ತಿದ್ದಳು. ಒಬ್ಬನಿಗೆ ಎರಡು ಸುದ್ದಿ ಹೊರಿಸಿದ್ದರೆ ಮೂರನೆಯದು ಬೇರೆಯವನಿಗೆ. “ಅವ್ನ್ ಬ್ಯಾಡ ಸಾ, ದಾರೀಲಿ ಇಸ್ಪೀಟ್ ಕಂಡ್ರೆ ಮರ್ತ್ಬುಡ್ತನೆ” ಎಂದು ಕೆಲವರನ್ನು ಬಿಟ್ಟೇಬಿಡುತ್ತಿದ್ದಳು. ನಾನು ಸೂತ್ರಗಳಲ್ಲಿ ಬರೆದಿದ್ದೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿತ್ತು ಎಂದು ಹೇಳಲು ಆಸೆಯಾಗುತ್ತದೆ. ಅದು ಅತಿಯಾಯಿತು. ಆಕೆಗೆ ನೂರು ಜನರ ವಿಷಯ ಗೊತ್ತಿತ್ತು, ನನ್ನ ಪ್ರೋಗ್ರಾಮಿಗೆ ಅವರು ಅಪರಿಚಿತರು. ಆದರೂ ಸುದ್ದಿ ಮುಟ್ಟಬೇಕಾದ ಮನುಷ್ಯನಿಂದ ಅಳೆಯಬೇಕಾದ ದೂರವನ್ನು ನಾನು ಸರ್ವರಿನಿಂದ ಅಳೆಯುತ್ತಿದ್ದೆ ಎಂಬುದು ತಿಳಿದದ್ದು ಆ ಬೆಂಚಿನ ಮೇಲೆಯೇ.

ನಮ್ಮ ಪಟ್ಟಿಯಲ್ಲಿ ಅಕ್ಕನ ಫೋನೇ ಇರಲಿಲ್ಲ. ಆಕೆಯದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಆ್ಯಪ್ ಕೂರುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಡೈರಿಯ ಸರ್ವರು ಆನೆ ಕಂಡ ಕೂಡಲೇ ಮೊದಲು ಆಕೆಗೆ ಕರೆ ಮಾಡುತ್ತದೆ. ಯಾರ ಹೊಲ, ಆನೆ ಎಷ್ಟು ಎಂದು ಹೇಳುವುದು ರೆಕಾರ್ಡ್ ಮಾಡಿದ ನನ್ನದೇ ದನಿ. ಅದು ಯಂತ್ರ, ತಿರುಗಿ ಮಾತಾಡುವುದಿಲ್ಲ ಎಂದು ನಾಲ್ಕು ಸಲ ಹೇಳಿದ್ದೆ.

ಈಗ ನಾನು ಚಾಮರಾಜನಗರದಲ್ಲಿ ಪಾಠ ಮಾಡುತ್ತೇನೆ. ಹೊಲಗಳಿಗೂ ಸಿಗ್ನಲ್ ಬಂದಿದೆ, ಮಂಕರಿಯಲ್ಲಿ ಈರುಳ್ಳಿ ಇರುತ್ತದೆ. ಅಕ್ಕನಿಗೆ ಹೋಗುವ ಕರೆ ಮಾತ್ರ ನಿಂತಿಲ್ಲ. ಕರೆಗಳ ದಾಖಲೆಯನ್ನು ಆಗಾಗ ತೆರೆದು ನೋಡುತ್ತೇನೆ. ಸಂದೇಶ ಮುಗಿದ ಮೇಲೂ ಪ್ರತಿ ಕರೆ ಏಳೆಂಟು ಸೆಕೆಂಡು ಹೆಚ್ಚು ಉಳಿದಿರುತ್ತದೆ. ಏನೋ ದೋಷವಿರಬೇಕೆಂದು ಹೋದ ಸಲ ಅಂಗಡಿಯಲ್ಲೇ ಕುಳಿತು ಪರೀಕ್ಷೆಯ ಕರೆ ಮಾಡಿಸಿದೆ. ಅಕ್ಕ ಫೋನ್ ಕಿವಿಗಿಟ್ಟು ನನ್ನ ದನಿಯನ್ನು ಪೂರ್ತಿ ಕೇಳಿದಳು. ಎದುರಿಗೇ ಕುಳಿತಿದ್ದ ನನ್ನ ಕಡೆ ತಿರುಗಿಯೂ ನೋಡದೆ ಫೋನಿಗೆ ಹೇಳಿದಳು:

“ಊ ಸಾ, ಯೇಳ್ತೀನಿ. ನೀವ್ ಊಟ ಮಾಡುದ್ರಾ? ಸರಿ, ಮಡಗಿ.”